ಲಕ್ಕಪ್ಪನ ಮೆಕ್ಸಿಕೊ ಮಂಟಪ

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರು ಹೂವಿನ ಅಂಗಡಿ ಇಟ್ಟುಕೊಂಡಿರುವ ಲಕ್ಕಪ್ಪ ಸ್ವಭಾವದಿಂದ ದೊಡ್ಡ ಮಾತಿನ ಮನುಷ್ಯನಲ್ಲ. ಆದರೆ ಹೋದ ವರ್ಷ ಅವನ ಬಾಳಿನಲ್ಲಿ ಒಂದು ಘಟನೆ ನಡೆಯಿತು. ಊರಿನ ನಲವತ್ತು ಮಂದಿ ಯಾತ್ರಿಕರು ಬಸ್ಸು ಮಾಡಿಕೊಂಡು ಕಾಶಿಗೂ ಅಲ್ಲಿಂದ ನೇಪಾಳಕ್ಕೂ ಹೊರಟಾಗ, ಬಸ್ಸಿನ ಮೂತಿಗೆ ಹಾರ ಕಟ್ಟಿದವನು ಅವನು. ಆ ಹಾರ ನೇಪಾಳದ ಗಡಿ ದಾಟುವ ತನಕ ಬಸ್ಸಿನ ಮೇಲೇ ಇತ್ತೆಂದು ಡ್ರೈವರನೇ ಬಂದು ಹೇಳಿದ. ಒಣಗಿತ್ತು, ಅದು ಬೇರೆ ಮಾತು; ಬಿದ್ದಿರಲಿಲ್ಲ. ತನ್ನ ಕೈಯ ಹೂವು ಪರದೇಶ ಕಂಡಿತೆಂಬ ಸಂಗತಿ ಲಕ್ಕಪ್ಪನ ತಲೆಯಲ್ಲಿ ಎರಡು ತಿಂಗಳು ಸುಳಿದಾಡಿ, ಕೊನೆಗೆ ಬೋರ್ಡಾಗಿ ಹೊರಗೆ ಬಂತು: 'ಲಕ್ಕಪ್ಪ ಇಂಟರ್‌ನ್ಯಾಶನಲ್ ಫ್ಲವರ್ ಡೆಕೊರೇಟರ್ಸ್. ಮದುವೆ, ಕಾರು, ಗೃಹಪ್ರವೇಶ ಹಾಗೂ ಅಂತ್ಯಸಂಸ್ಕಾರಕ್ಕೆ ಒಮ್ಮೆ ಭೇಟಿ ಕೊಡಿ.'

ಹೆಂಡತಿ ಮಂಜುಳಾ ಬೋರ್ಡನ್ನು ಎರಡು ಸಲ ಓದಿ, "ಅಂತ್ಯಸಂಸ್ಕಾರದ ಮನಿಷ್ಯಾ ಅಂಗಡಿಗೆ ಭೇಟಿ ಕೊಡಾಕ ಹೆಂಗ ಬರ್ತಾನ್ರಿ?" ಎಂದು ಕೇಳಿದಳು. ಲಕ್ಕಪ್ಪ ಹೆಗಲ ವಸ್ತ್ರದಿಂದ ಬೋರ್ಡಿನ ಧೂಳು ಒರೆಸಿದ. ದೊಡ್ಡ ಕೆಲಸ ಮಾಡುವವರು ಮನೆಯವರ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಬೋರ್ಡಿನ ಫಲ ಅಕ್ಟೋಬರಿನಲ್ಲಿ ಕಂಡಿತು. ಶಿಗ್ಗಾವಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಶ್ವೇತಾ ಎಂಬ ಹೆಣ್ಣುಮಗಳು ಸ್ಕೂಟಿ ನಿಲ್ಲಿಸಿ, ಬೋರ್ಡು ಓದಿ, ಒಳಗೆ ಬಂದಳು. ಅವಳು ವರದಾ ಪುಷ್ಪಪ್ರೇಮಿಗಳ ಸಂಘದ ಕಾರ್ಯದರ್ಶಿ. ಸಂಘದವರು ಈ ವರ್ಷ ನಾಲ್ಕು ತಾಲೂಕುಗಳಿಗೆ ಹೂವಿನ ಅಲಂಕಾರದ ಸ್ಪರ್ಧೆ ಇಟ್ಟಿದ್ದರು. ವಿಷಯ ಮಾತ್ರ ಊರಿಗೆ ಹೊಸದು: ಸ್ಪೇನ್ ಮತ್ತು ಸ್ಪ್ಯಾನಿಶ್ ಮಾತಾಡುವ ನಾಡುಗಳ ಹೂವಿನ ಪದ್ಧತಿ.

"ನಾವು ದಿನಾ ದೇವರಿಗೆ ಏರಸೂ ಚೆಂಡುಹೂವು ಇಲ್ಲೀದಲ್ರೀ," ಎಂದಳು ಶ್ವೇತಾ. "ಅದರ ತವರುಮನಿ ಮೆಕ್ಸಿಕೊ. ಅಲ್ಲಿ ಮಂದಿ ಹೂವಿನ್ಯಾಗ ಏನೇನ್ ಮಾಡ್ತಾರ ಅಂತ ನಮ್ಮವರಿಗೂ ಗೊತ್ತಾಗ್ಲಿ. ತಾಲೂಕಿಗೆ ಒಬ್ಬರು. ಹಾನಗಲ್ಲಿಗೆ ಯಾರು ಅಂತ ಹುಡುಕಾಕತ್ತಿದ್ದೆ. ನಿಮ್ಮ ಬೋರ್ಡ್ ಕಾಣಿಸ್ತು. ಹೊರದೇಶದ ಕೆಲಸ ಮಾಡೀರೇನ್ರಿ?"

ಲಕ್ಕಪ್ಪ ಬೋರ್ಡಿನ ಕಡೆ ನೋಡಿದ. ಬೋರ್ಡು ಅವನ ಕಡೆ ನೋಡಿತು.

"ನೇಪಾಳದ್ದು ಒಂದ ಮಾಡೇನ್ರಿ," ಎಂದ.

ಶ್ವೇತಾ ನಾಲ್ಕು ದೇಶಗಳ ಹೆಸರು ಬರೆದ ನಾಲ್ಕು ಚೀಟಿ ಮುಂದೆ ಹಿಡಿದಳು. ಲಕ್ಕಪ್ಪ ಒಂದನ್ನು ಎತ್ತಿದ. ಮೆಕ್ಸಿಕೊ ಬಂತು.

ಅವಳು ಕೊಟ್ಟುಹೋದ ಎರಡು ಹಾಳೆಗಳನ್ನು ಅವನು ಆ ಸಂಜೆ ಮನೆಯಲ್ಲಿ ಮಂಜುಳಾಳಿಂದ ಓದಿಸಿ ಕೇಳಿದ. ಮೆಕ್ಸಿಕೊದಲ್ಲಿ ನವೆಂಬರ್ ಮೊದಲ ವಾರ ಸತ್ತ ಹಿರಿಯರು ಮನೆಗೆ ಬರುತ್ತಾರೆಂದು ನಂಬಿಕೆ. ಅವರಿಗಾಗಿ ಮೆಟ್ಟಿಲು ಮೆಟ್ಟಿಲಾಗಿ ಮಂಟಪ ಕಟ್ಟಿ ಚೆಂಡುಹೂವಿನಿಂದ ಮುಚ್ಚುತ್ತಾರೆ. ಬಾಗಿಲಿನಿಂದ ಮಂಟಪದ ತನಕ ಹೂವಿನ ಎಸಳು ಉದುರಿಸಿ ದಾರಿ ಮಾಡುತ್ತಾರೆ; ಬರುವವರಿಗೆ ಆ ಬಣ್ಣ, ಆ ವಾಸನೆಯೇ ಗುರುತು. ಮೇಲೆ ತೀರಿಹೋದವರ ಫೋಟೋ, ಮುಂದೆ ದೀಪ, ನೀರು, ಉಪ್ಪು, ಅವರಿಗೆ ಇಷ್ಟವಾದ ಊಟ.

"ಇದು ನಮ್ಮ ಪಕ್ಷಮಾಸಾನ ಅಲ್ಲೇನು?" ಎಂದ ಲಕ್ಕಪ್ಪ. ಅವನಿಗೆ ಮೆಕ್ಸಿಕೊದ ಮೇಲೆ ತಟ್ಟನೆ ಅಭಿಮಾನ ಬಂತು. "ಹಿರ್ಯಾರಿಗೆ ಎಡಿ ಹಿಡಿಯೂದು. ಅವರೂ ನಮ್ಮಂಗ ಮಂದಿ."

"ಹಂಗಾರ ಅತ್ತಿ ಫೋಟೋ ಐತೆಲ್ಲಾ, ಅದನ್ನ ಇಡ್ರಿ," ಎಂದಳು ಮಂಜುಳಾ.

ಲಕ್ಕಪ್ಪ ಗೋಡೆಯ ಮೇಲಿನ ಅವ್ವನ ಫೋಟೋ ನೋಡಿದ. ಅದಕ್ಕೆ ಅವನು ದಿನ ತಪ್ಪದೆ ಹೂವು ಏರಿಸುತ್ತಾನೆ. ಆಮೇಲೆ ಅದರ ಪಕ್ಕದ ಖಾಲಿ ಗೋಡೆ ನೋಡಿದ.

"ಅಪ್ಪಂದು ಇಡ್ತೇನಿ," ಎಂದ.

ಮಂಜುಳಾ ಹಾಳೆ ಮಡಿಸಿಟ್ಟಳು. ಅಪ್ಪನ ಫೋಟೋ ಎಂಬುದು ಈ ಭೂಮಿಯ ಮೇಲೆ ಇರಲಿಲ್ಲ. ಲಕ್ಕಪ್ಪನ ಅಪ್ಪ ಚಂದ್ರಪ್ಪ ಆಡೂರಿನ ಹೊಲದಲ್ಲಿ ಜ್ವರ ಬಂದು ತೀರಿಕೊಂಡಾಗ ಅವನಿಗೆ ಮೂವತ್ತೊಂದು, ಲಕ್ಕಪ್ಪನಿಗೆ ನಾಲ್ಕು. ಅವ್ವ ಮಗನನ್ನು ಕಟ್ಟಿಕೊಂಡು ಹಾನಗಲ್ಲಿಗೆ ಬಂದು ಹೂವು ಕಟ್ಟಿ ಬದುಕಿದಳು. ಅಪ್ಪ ಹೇಗಿದ್ದ ಎಂದು ಕೇಳಿದಾಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ನಿಮ್ಮ ದೊಡ್ಡಪ್ಪನ ಹಂಗ. ಅಚ್ಚು ಒತ್ತಿದಂಗ."

ದೊಡ್ಡಪ್ಪ ಬೀರಪ್ಪ ಇದ್ದ. ಎಪ್ಪತ್ತಾರು ವರ್ಷದ ಅವನು ಮಾಸೂರಿನಲ್ಲಿ ಹೆಂಡತಿಯ ಕಡೆಯ ಗದ್ದೆ ನೋಡಿಕೊಂಡು ಕಲ್ಲುಗುಂಡಿನ ಹಾಗೆ ಇದ್ದ. ಆದರೆ ಲಕ್ಕಪ್ಪನಿಗೂ ಅವನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಲಕ್ಕಪ್ಪನ ಮನೆಯ ಗೃಹಪ್ರವೇಶದ ದಿನ, ಹಿರಿಯನೆಂದು ಮೊದಲು ಹೊಸ್ತಿಲು ದಾಟಬೇಕಾಗಿದ್ದವನು ಬೀರಪ್ಪ. ಅವನು ಬಾಗಿಲಿಗೆ ಬರುವ ಹೊತ್ತಿಗೆ ಲಕ್ಕಪ್ಪ ಏಣಿಯ ಮೇಲೆ ನಿಂತು, ಬಾಯಲ್ಲಿ ದಾರ ಕಚ್ಚಿಕೊಂಡು ತೋರಣ ಕಟ್ಟುತ್ತಿದ್ದ. ಕೆಳಗೆ ಬಂದ ಕಾಲುಗಳನ್ನು ಮಾತ್ರ ಕಂಡು, "ಏ, ಯಾರದು, ಸರೀರಿ ಆಕಡೆ, ಹೂವು ತುಳೀಬ್ಯಾಡ್ರಿ!" ಎಂದು ಕೂಗಿದ. ಕಾಲುಗಳು ಸರಿದವು. ಸರಿದು ಸೀದಾ ಮಾಸೂರಿಗೇ ಹೋದವು. ನೀರು ಕೂಡ ಕುಡಿಯಲಿಲ್ಲ.

ಇಂಥ ದೊಡ್ಡಪ್ಪನನ್ನು ಹೋಗಿ ಕೇಳುವ ಧೈರ್ಯ ಲಕ್ಕಪ್ಪನಿಗೆ ಇರಲಿಲ್ಲ. ಯಾವುದೋ ಮದುವೆಯ ಗುಂಪು ಫೋಟೋದಲ್ಲಿ ಬೀರಪ್ಪ ಹಳದಿ ರುಮಾಲು ಸುತ್ತಿ ನಿಂತಿದ್ದ. ಶುಕ್ರವಾರ ಅದನ್ನು ಲಕ್ಕಪ್ಪ ಶರಣುವಿನ ಸ್ಟುಡಿಯೋಕ್ಕೆ ಒಯ್ದ.

ಹೊಟ್ಟೆಪಾಡಿಗೆ ಫೋಟೋ ತೆಗೆದರೂ ಶರಣು ಕರುಳಿನ ಮನುಷ್ಯ. ವಯಸ್ಸಾದವರ ಮುಖ ಒಂದನ್ನೇ ಕತ್ತರಿಸಿ ದೊಡ್ಡದು ಮಾಡಿ ಚೌಕಟ್ಟು ಹಾಕು ಎಂದು ಯಾರಾದರೂ ಹೇಳಿದರೆ, ಅವನು ದನಿ ತಗ್ಗಿಸಿಬಿಡುತ್ತಿದ್ದ.

"ಯಾರ್ರೀ ಇವರು?"

"ನಮ್ಮ ದೊಡ್ಡಪ್ಪ. ಬೀರಪ್ಪ ಅಂತ. ಮಾಸೂರು."

"ಯಾವಾಗ್ರೀ?" ಎಂದ ಶರಣು ಮೆಲ್ಲಗೆ.

"ಆಯಿತಾರ. ಹತ್ತು ಗಂಟೆಕ್ಕ. ಶಿಗ್ಗಾವ್ಯಾಗ, ಬಜಾರದ ಕಲ್ಯಾಣ ಮಂಟಪದಾಗ."

"ಎಲ್ಲಾ ತಯಾರಿ?"

"ಆಗೇತ್ರಿ. ಚೆಂಡುಹೂವು ಎರಡು ಕ್ವಿಂಟಾಲ್ ಹೇಳೇನಿ."

"ಎರಡು ಕ್ವಿಂಟಾಲ್!" ಶರಣು ಕುರ್ಚಿ ತಿರುಗಿಸಿ ಅವನ ಕಡೆ ನೋಡಿದ. "ಭಾಳ ಜೀವಾ ಇದ್ರಿ ಅನ್ನಸ್ತೈತಿ ಒಬ್ಬರಿಗೊಬ್ಬರು."

ಲಕ್ಕಪ್ಪ ಸುಳ್ಳು ಹೇಳುವವನಲ್ಲ. "ಎಲ್ಲೀದ್ರೀ. ಮಾತು ಬಿಟ್ಟು ಒಂಬತ್ತು ವರ್ಷ ಆತು."

"ಕಡೀಗೂ ಮಾತಾಡ್ಲಿಲ್ಲ?"

"ಇಲ್ರಿ."

ಶರಣು ಮೌಸಿನ ಮೇಲಿದ್ದ ಕೈ ತೆಗೆದು ಕಣ್ಣೊರೆಸಿಕೊಂಡ. ಮನುಷ್ಯ ಇದ್ದಾಗ ಬಿಟ್ಟ ಮಾತನ್ನು ಹೋದ ಮೇಲೆ ಎರಡು ಕ್ವಿಂಟಾಲ್ ಹೂವಿನಿಂದ ತುಂಬುತ್ತಿರುವವನು ತನ್ನೆದುರು ನಿಂತಿದ್ದಾನೆಂದು ಅವನಿಗೆ ಅನಿಸಿತು.

"ಮಂದಿಗೆ ತಿಳಿಸೀರೇನ್ರಿ?"

"ಯಾರಿಗೂ ಹೇಳಿಲ್ಲ. ನೀವ ನಾಕ ಮಂದಿಗೆ ಹೇಳ್ರಿ. ಬಂದು ನೋಡ್ಲಿ."

ಶರಣು ಹೇಳಿದ. ಶನಿವಾರ ಬೆಳಗಿನ ಹೊತ್ತಿಗೆ ಅವನ ಮೊಬೈಲಿನ ಸ್ಟೇಟಸ್ಸಿನಲ್ಲಿ ಹಳದಿ ರುಮಾಲಿನ ಬೀರಪ್ಪ, ಎರಡು ಪಕ್ಕದಲ್ಲಿ ಅಲ್ಲಾಡುವ ದೀಪಗಳ ನಡುವೆ, ನಮ್ಮನ್ನಗಲಿದ್ದ. ಕೆಳಗೆ ಶಿಗ್ಗಾವಿಯ ವಿಳಾಸ, ರವಿವಾರ, ಹತ್ತು ಗಂಟೆ. ಅದರ ಕೆಳಗೆ: 'ದುಃಖತಪ್ತರು: ಲಕ್ಕಪ್ಪ ಇಂಟರ್‌ನ್ಯಾಶನಲ್ ಫ್ಲವರ್ ಡೆಕೊರೇಟರ್ಸ್.' ಮಧ್ಯಾಹ್ನದೊಳಗೆ ಅದು ನಾಲ್ಕೂ ತಾಲೂಕು ಸುತ್ತಿತು. ಲಕ್ಕಪ್ಪನ ಮನೆಗೆ ಮಾತ್ರ ಬರಲಿಲ್ಲ. ಅವನ ಹತ್ತಿರ ಇದ್ದದ್ದು ಬಟನ್ ಫೋನು. ಅದರಲ್ಲಿ ಸ್ಟೇಟಸ್ಸು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ಮಂಜುಳಾ ಹೂವು ಕೊಯ್ಯಿಸಲು ಹೊಲದ ಕಡೆ ಹೋಗಿದ್ದಳು. ಲಕ್ಕಪ್ಪ ಒಬ್ಬನೇ ಅಂಗಡಿಯಲ್ಲಿ ಮೆಟ್ಟಿಲುಗಳಿಗೆ ಬಟ್ಟೆ ಹೊಲಿಯುತ್ತಿದ್ದಾಗ ನಿವೃತ್ತ ಮಾಸ್ತರ ಕರಿಬಸಪ್ಪನವರು ಹೆಗಲ ಮೇಲೆ ಬಿಳಿ ಟಾವೆಲ್ ಹಾಕಿಕೊಂಡು ಬಂದು, ಚಪ್ಪಲಿ ಹೊರಗೆ ಬಿಟ್ಟು ಕುಳಿತರು.

"ಸುದ್ದಿ ಕೇಳಿ ಬಂದೆಪಾ ಲಕ್ಕಪ್ಪ."

"ಹೌದ್ರೀ ಮಾಸ್ತರ. ನಂಗ ಬರ್ತೈತಿ ಅಂತ ಕನಸಿನ್ಯಾಗೂ ಅಂದ್ಕೊಂಡಿದ್ದಿಲ್ಲ."

"ಎಲ್ಲಾರಿಗೂ ಬರೂದನ. ಇವತ್ತ ಅವರಿಗೆ, ನಾಳಿ ನಂಗ."

"ನಿಮಗ್ಯಾಕ ಬರ್ತೈತ್ರಿ?" ಲಕ್ಕಪ್ಪನಿಗೆ ಆಶ್ಚರ್ಯವಾಯಿತು. "ತಾಲೂಕಿಗೆ ಒಬ್ಬರನ್ನ ಆರಸ್ತಾರ. ಈ ವರ್ಷ ಹಾನಗಲ್ಲಿಂದು ಮುಗೀತು."

ಮಾಸ್ತರರು ಟಾವೆಲ್ ತೆಗೆದು ಮುಖ ಒರೆಸಿಕೊಂಡರು. ಮೂವತ್ತೆಂಟು ವರ್ಷ ಪಾಠ ಹೇಳಿದವರು. ಆದರೆ ಯಮಧರ್ಮನ ಕಚೇರಿ ತಾಲೂಕುವಾರು ನಡೆಯುತ್ತದೆಂದು ಅವರಿಗೆ ತಿಳಿದಿರಲಿಲ್ಲ.

"ಹೆಂಗ ಆರಸ್ತಾರಪಾ?" ಎಂದು ಕೇಳಿದರು.

"ಚೀಟಿ ಎತ್ತಸ್ತಾರ್ರಿ."

ಮಾಸ್ತರರು ಎದ್ದು ಲಕ್ಕಪ್ಪನ ತಲೆಯ ಮೇಲೆ ಕೈಯಿಟ್ಟು, "ಧೈರ್ಯಾ ತಗೋ. ರಾತ್ರಿ ಒಂಚೂರು ನಿದ್ದಿ ಮಾಡು," ಎಂದು ಹೇಳಿ, ಚಪ್ಪಲಿ ಮರೆತು ಹೋದರು.

ಆಮೇಲೆ ಬಂದವನು ಸುಭಾಸ. ಹಿರೇಬೆಂಡಿಗೇರಿಯಲ್ಲಿರುವ ಸೋದರತ್ತೆ ಶಾರವ್ವನ ಮಗ. ಬೀರಪ್ಪ, ಚಂದ್ರಪ್ಪ ಇಬ್ಬರಿಗೂ ಅವಳು ತಂಗಿ. ಸುಭಾಸ ಸಿಟ್ಟಿನಲ್ಲೇ ಬೈಕಿನಿಂದ ಇಳಿದ.

"ಸ್ವಂತ ಅಳ್ಯಾಗ ಒಂದ ಮಾತು ತಿಳಸಾಂಗಿಲ್ಲೇನು? ಮಣ್ಣು ಯಾವಾಗ ಮಾಡ್ತೀ?"

ಸ್ಪರ್ಧೆಯ ನಿಯಮವೆಲ್ಲ ಲಕ್ಕಪ್ಪನಿಗೆ ಬಾಯಿಪಾಠವಾಗಿತ್ತು. "ಮಣ್ಣು ಮಾಡಾಂಗಿಲ್ಲೋ. ಸಂಘದವರು ಬ್ಯಾಡಂದಾರ. ನೆಲಾ ಹೊಲಸ ಆಗ್ತೈತಂತ. ಬರೇ ಹೂವು."

ಸುಭಾಸನ ಸಿಟ್ಟು ಇಳಿದು ಅದರ ಜಾಗದಲ್ಲಿ ಬೇರೆ ಏನೋ ಬಂತು. "ಹಂಗಾರ ಈಗ... ಎಲ್ಲಿಟ್ಟೀದಿ?"

"ಶರಣುನ ಅಂಗಡ್ಯಾಗ ಐತಿ. ಗ್ಲಾಸ್ ಹಾಕಾಕತ್ತಾನ. ಸಂಜೀಮುಂದ ಕೊಡ್ತಾನ."

ಸುಭಾಸ ಬೈಕನ್ನು ತಳ್ಳಿಕೊಂಡೇ ರಸ್ತೆಯ ತಿರುವಿನ ತನಕ ಹೋದ. ಚಾಲೂ ಮಾಡುವುದು ಅವನಿಗೆ ನೆನಪಾಗಲಿಲ್ಲ. ದೊಡ್ಡ ಮಾವನನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಸ್ಟುಡಿಯೋದಲ್ಲಿ ಇಟ್ಟಿದ್ದಾರೆಂಬ ಸುದ್ದಿ ಆ ಹಗಲೇ ಹಿರೇಬೆಂಡಿಗೇರಿ ತಲುಪಿತು. ಶಾರವ್ವ ಕುಳಿತಲ್ಲೇ ಎದೆ ಬಡಿದುಕೊಂಡಳು.

ಇತ್ತ ಮಾಸೂರಿನಲ್ಲಿ ನಡೆದದ್ದು ಲಕ್ಕಪ್ಪನಿಗೆ ಆಮೇಲೆ ತಿಳಿಯಿತು. ಬೀರಪ್ಪನ ಸೊಸೆ ಸವಿತಾಳ ಮೊಬೈಲಿಗೆ ಮೊದಲ ಫೋನು ಬಂದಾಗ, ಮಾವ ಕಟ್ಟೆಯ ಮೇಲೆ ಕುಳಿತು ಚಹಾದಲ್ಲಿ ಟೋಸ್ಟು ಅದ್ದಿ ತಿನ್ನುತ್ತಿದ್ದ. ಸವಿತಾ ಸ್ಟೇಟಸ್ಸು ತೋರಿಸಿದಳು. ಬೀರಪ್ಪ ಕನ್ನಡಕ ಹಾಕಿಕೊಂಡು, ತನ್ನ ಮರಣವಾರ್ತೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ದುಃಖತಪ್ತರ ಹೆಸರಿಗೆ ಬಂದಾಗ ಟೋಸ್ಟು ಚಹಾದೊಳಗೆ ಮುರಿದು ಬಿತ್ತು.

"ಒಂಬತ್ತು ವರ್ಷಾ ಮಾತಾಡಸ್ಲಿಲ್ಲ. ಈಗ ಕೊಂದ ಬಿಟ್ಟಾನ."

"ಎಲ್ಲಾರಿಗೂ ಫೋನ್ ಮಾಡಿ, ಮಾವ ಅರಾಮ ಅದಾರ ಅಂತ ಹೇಳ್ತೇನ್ರಿ," ಎಂದಳು ಸವಿತಾ.

"ಯಾರಿಗೂ ಹೇಳಬ್ಯಾಡ," ಎಂದ ಬೀರಪ್ಪ. "ಆಯಿತಾರ ಶಿಗ್ಗಾವಿಗೆ ಬರ್ರಿ ಅನ್ನು. ಯಾರ ಯಾರ ಬರ್ತಾರ, ಯಾರ ಹೆಂಗ ಅಳ್ತಾರ, ಒಂಚೂರು ನೋಡೇಬಿಡೂಣು. ಮುಂದ ಈ ಅವಕಾಶ ಸಿಗಾಂಗಿಲ್ಲ."

ರವಿವಾರ ಹತ್ತು ಗಂಟೆಗೆ ಶಿಗ್ಗಾವಿಯ ಕಲ್ಯಾಣ ಮಂಟಪದಲ್ಲಿ ನಾಲ್ಕು ದೇಶಗಳು ಸಿದ್ಧವಾಗಿದ್ದವು. ಶಿಗ್ಗಾವಿಯವರು ಪೆರುವಿನವರಂತೆ ನೆಲದ ಮೇಲೆ ಹೂವಿನ ಜಮಖಾನೆ ಹಾಸಿದ್ದರು. ಹಿರೇಕೆರೂರಿನವನು ಕೊಲಂಬಿಯಾದವರಂತೆ ಹೂವಿನ ದೊಡ್ಡ ಚಕ್ರವನ್ನು ಬೆನ್ನಿಗೆ ಹೊತ್ತು ನಿಂತಿದ್ದ. ಕೂರುವ ಹಾಗಿರಲಿಲ್ಲ, ಬೆಳಿಗ್ಗೆಯಿಂದ ಅವನಿಗೆ ಯಾರೂ ಚಹಾ ಕೊಟ್ಟಿರಲಿಲ್ಲ. ಸವಣೂರಿನ ನಸೀರಾ ಸ್ಪೇನಿನ ಮನೆಯಂಗಳ ಮಾಡಿದ್ದಳು: ಸುಣ್ಣದ ಗೋಡೆ, ಗೋಡೆಯ ತುಂಬ ನೀಲಿ ಕುಂಡಗಳು, ಪ್ರತಿ ಕುಂಡದಲ್ಲಿ ಕೆಂಪು ಗುಲಾಬಿ. ನಡುವೆ ಒಂದು ಪುಟ್ಟ ನೀರಿನ ತೊಟ್ಟಿ. ನೋಡಿದವರಿಗೆ ಅಲ್ಲೇ ಕುಳಿತುಬಿಡೋಣ ಅನಿಸುತ್ತಿತ್ತು.

ಲಕ್ಕಪ್ಪನ ಮೆಕ್ಸಿಕೊ ಬೇರೆಯೇ ಇತ್ತು. ಬಾಗಿಲಿನಿಂದ ಚೆಂಡುಹೂವಿನ ಎಸಳಿನ ದಾರಿ. ಏಳು ಮೆಟ್ಟಿಲಿನ ಮಂಟಪ, ಒಂದಿಂಚೂ ಬಟ್ಟೆ ಕಾಣದ ಹಾಗೆ ಬಂಗಾರದ ಬಣ್ಣದ ಹೂವು. ದೀಪ, ನೀರು, ಉಪ್ಪು. ತಾಟಿನಲ್ಲಿ ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ. ಮೇಲೆ ಹಳದಿ ರುಮಾಲಿನ ಫೋಟೋ, ಕೆಳಗೆ ಸಣ್ಣ ಚೀಟಿ: 'ನಮ್ಮ ತಂದೆ ದಿ. ಚಂದ್ರಪ್ಪನವರು.' ಫೋಟೋಕ್ಕೆ ಹಾಕಿದ್ದ ಹಾರವನ್ನು ಲಕ್ಕಪ್ಪ ಮೂರು ಸಲ ಬಿಚ್ಚಿ ಕಟ್ಟಿದ್ದ.

ಧಾರವಾಡದಿಂದ ಬಂದಿದ್ದ ತೀರ್ಪುಗಾರರು, ದಪ್ಪ ಕನ್ನಡಕದ ಹಿರಿಯರು, ಮಂಟಪದ ಮುಂದೆ ನಿಂತು ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಬಾಗಿಲಲ್ಲಿ ಎರಡು ಕ್ರೂಸರ್ ಗಾಡಿ ನಿಂತವು.

ಶಾರವ್ವ ಮುಂದೆ, ಹಿಂದೆ ಇಪ್ಪತ್ತು ಮಂದಿ. ಎಲ್ಲರೂ ಎಸಳಿನ ದಾರಿಯ ಮೇಲೇ ನಡೆದು ಬಂದರು. ಫೋಟೋ ಕಂಡದ್ದೇ ಶಾರವ್ವ ಮೆಟ್ಟಿಲಿಗೆ ತಲೆಯಿಟ್ಟಳು.

"ನನ್ನ ಅಣ್ಣಾ! ನನ್ನ ತವರಿನ ಕಂಬಾ! ಪಂಚಮಿಗೆ ಕರಿಯಾಕ ಇನ್ಯಾರ ಬರ್ತಾರೋ ಅಣ್ಣಾ! ನಿನ್ನ ಗ್ಲಾಸಿನ್ಯಾಗ ಇಟ್ಟಾರಂತಲ್ಲೋ ಅಣ್ಣಾ!"

ಲಕ್ಕಪ್ಪ ದಂಗಾಗಿ ನಿಂತ. ಅಪ್ಪ ಸತ್ತು ನಲವತ್ತೆರಡು ವರ್ಷದ ಮೇಲೆ ಅತ್ತೆ ಇಷ್ಟು ಅಳಬಹುದೆಂದು ಅವನು ಎಣಿಸಿರಲಿಲ್ಲ. ಅವನ ಕಣ್ಣಲ್ಲೂ ನೀರು ಬಂತು. ತೀರ್ಪುಗಾರರು ಶ್ವೇತಾಳ ಕಿವಿಯಲ್ಲಿ, "ಈ ಮಂದೀನೂ ಇವರ ಕರೆಸ್ಯಾರೇನು?" ಎಂದು ಕೇಳಿದರು. ಶ್ವೇತಾಳಿಗೆ ಗೊತ್ತಿರಲಿಲ್ಲ. ಅವರು 'ವಾತಾವರಣ ನಿರ್ಮಾಣ: ಹತ್ತಕ್ಕೆ ಹತ್ತು' ಎಂದು ಬರೆದುಕೊಂಡರು.

ಅಳು ಮೂರನೆಯ ಸುತ್ತಿಗೆ ಬಂದಾಗ ಬಾಗಿಲ ಹತ್ತಿರ ಕೋಲಿನ ಸದ್ದು ಕೇಳಿಸಿತು. ಹಳದಿ ರುಮಾಲು ಸುತ್ತಿದ ಬೀರಪ್ಪ, ಹಿಂದೆ ಸೊಸೆ ಸವಿತಾ. ಅವನು ಸ್ವಲ್ಪ ಹೊತ್ತಿನಿಂದ ಅಲ್ಲೇ ನಿಂತು, ಯಾರ್ಯಾರು ಅಳುತ್ತಿದ್ದಾರೆ, ಯಾರು ಬರೀ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಾರೆ ಎಂದು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ಆಮೇಲೆ ಎಸಳಿನ ದಾರಿ ಹಿಡಿದು ಮಂಟಪಕ್ಕೆ ಬಂದ.

"ಶಾರೀ, ಸಾಕ್ಮಾಡವಾ. ಪಂಚಮಿಗೆ ಕರಿಯಾಕ ನಾನ ಬರ್ತೇನಿ."

ಶಾರವ್ವ ತಲೆಯೆತ್ತಿ ನೋಡಿ, ಮತ್ತೆ ಫೋಟೋ ನೋಡಿ, ಸುಭಾಸನ ಮೇಲೆ ಒರಗಿದಳು. ಸುಭಾಸ ಹಿಂದಿನವರ ಮೇಲೆ ಒರಗಿದ. ಕೊಲಂಬಿಯಾ ಹೊತ್ತು ನಿಂತಿದ್ದವನು ಓಡಲು ಹೋಗಿ ಬಾಗಿಲಿನಲ್ಲಿ ಸಿಕ್ಕಿಕೊಂಡ. ಗದ್ದಲದ ನಡುವೆ ಶ್ವೇತಾ ತೀರ್ಪುಗಾರರಿಗೆ ಹೇಳಿದಳು: "ಸರ್, ಮೆಕ್ಸಿಕೊದಾಗ ಸತ್ತವರು ಎಸಳಿನ ಗುರುತು ಹಿಡಿದು ಬರ್ತಾರ ಅಂತ ನಂಬಿಕೆ ಅಷ್ಟ ಇರೋದು." ತೀರ್ಪುಗಾರರು ಪೆನ್ನಿನ ಮುಚ್ಚಳ ಹಾಕಿದರು.

ಬೀರಪ್ಪ ಲಕ್ಕಪ್ಪನ ಎದುರು ಬಂದು ನಿಂತ. ಒಂಬತ್ತು ವರ್ಷದ ನಂತರದ ಮೊದಲ ಮಾತು ಇದು:

"ನಾ ಸತ್ತೇನಿ ಅಂತ ಡಂಗುರಾ ಸಾರಿದೇನ್ಲೇ?"

"ಇಲ್ರೀ ದೊಡ್ಡಪ್ಪ. ಇದು ನೀವಲ್ಲ."

"ನಾನಲ್ಲ?" ಬೀರಪ್ಪ ಕೋಲಿನಿಂದ ಫೋಟೋ ತೋರಿಸಿದ. "ಈ ರುಮಾಲು ನಾನ ಸುತ್ತಿದ್ದು. ಈ ಮೀಸಿ ನಾನ ಬಿಟ್ಟಿದ್ದು. ನಾನಲ್ಲ ಅಂದ್ರ ಮತ್ಯಾರು?"

"ಅಪ್ಪ," ಎಂದ ಲಕ್ಕಪ್ಪ.

ಅವನು ಫೋಟೋದ ಕೆಳಗಿನ ಚೀಟಿ ತೋರಿಸಿದ. "ಅಪ್ಪಂದು ಒಂದೂ ಫೋಟೋ ಇಲ್ರೀ. ಅವನ ಮಾರಿ ನಿಮ್ಮ ಹಂಗ ಇತ್ತು ಅಂತ ಅವ್ವ ಹೇಳ್ತಿದ್ಲು. ಊರ ಮಂದೀ ಅಪ್ಪಗಳಿಗೆಲ್ಲಾ ಇಪ್ಪತ್ತೈದು ವರ್ಷದಿಂದ ಹಾರಾ ಕಟ್ಟಿ ಕೊಡಾಕತ್ತೇನಿ. ನಮ್ಮಪ್ಪಗ ಒಂದ ಹಾರಾ ಹಾಕಬೇಕಾಗಿತ್ತು ದೊಡ್ಡಪ್ಪ. ಎಲ್ಲಿ ಹಾಕ್ಲಿ?"

ಬೀರಪ್ಪ ಚೀಟಿಯ ಹತ್ತಿರ ಬಗ್ಗಿ, ಕನ್ನಡಕ ಸರಿಮಾಡಿ, ತಮ್ಮನ ಹೆಸರನ್ನು ಓದಿದ. ಓದಿ ಬಹಳ ಹೊತ್ತು ಹಾಗೇ ಬಗ್ಗಿ ನಿಂತಿದ್ದ.

"ಕೇಳಿದ್ರ ಕೊಡ್ತಿದ್ನೆಲ್ಲೋ."

"ನೀವು ಮಾತು ಬಿಟ್ಟಿದ್ರಿ."

"ಮಾತು ಬಿಟ್ಟಿದ್ದೆ. ಮಾರಿ ಬಿಟ್ಟಿದ್ನೇನು?"

ಅವನು ತಾಟಿನ ಕಡೆ ನೋಡಿದ. "ಹೋಳಿಗಿ ಯಾಕಿಟ್ಟೀ? ಚಂದ್ರ್ಯಾಗ ಸಿಹಿ ಸೇರ್ತಿದ್ದಿಲ್ಲ. ತಂಗಳ ರೊಟ್ಟಿ, ಹಸಿಮೆಣಸಿನಕಾಯಿ, ಒಂದು ಉಳ್ಳಾಗಡ್ಡಿ ಇದ್ರ ರಾಜಾ ಅವ." ಹೀಗೆಂದು ಹೋಳಿಗೆಯ ತಾಟನ್ನು ಎತ್ತಿಕೊಂಡು ಮೊದಲ ಮೆಟ್ಟಿಲ ಪಕ್ಕದಲ್ಲಿ ಕುಳಿತ. "ಇದು ನನ್ನ ಫೋಟೋದ ಪಾಲು," ಎಂದು ತಿನ್ನತೊಡಗಿದ.

ತೀರ್ಪುಗಾರರು ಬಹಳ ಮೆಲ್ಲಗೆ ಕೆಮ್ಮಿದರು. ಒಳ್ಳೆಯ ಮನುಷ್ಯರೇ, ಆದರೆ ನಿಯಮ ನಿಯಮವೇ. ಮೂರನೆಯ ನಿಯಮದ ಪ್ರಕಾರ ಭಾವಚಿತ್ರ ತೀರಿಹೋದವರದ್ದೇ ಇರಬೇಕು. ಇಲ್ಲಿ ಭಾವಚಿತ್ರವೇ ಹೋಳಿಗೆ ತಿನ್ನುತ್ತಿತ್ತು. ಮೆಕ್ಸಿಕೊ ಸ್ಪರ್ಧೆಯಿಂದ ಹೊರಗೆ.

ಬೀರಪ್ಪನ ಕೈ ಅರ್ಧಕ್ಕೆ ನಿಂತಿತು. "ನನ್ನಿಂದ ಹುಡುಗನ ಬಹುಮಾನ ಹೋತೇನು?"

"ಹೋದಂಗ್ರಿ."

"ಹಂಗಾರ ನಾ ಸತ್ತೇನಿ ಅಂತ ಬರಕೊಳ್ರಿ. ಹೆಂಗೂ ಇನ್ನೆಷ್ಟ ದಿನಾ? ನಾ ಸಹಿ ಮಾಡ್ತೇನಿ."

"ಸತ್ತವರು ಸಹಿ ಮಾಡಾಕ ಬರೂದಿಲ್ರೀ ಯಜಮಾನ್ರ."

"ಹೆಬ್ಬಟ್ಟು ಒತ್ತತೇನಿ."

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿದರು. ನಿಯಮಾವಳಿಯಲ್ಲಿ ಹೆಬ್ಬಟ್ಟಿನ ಪ್ರಸ್ತಾಪ ಇರಲಿಲ್ಲ. ಬಹುಮಾನ ಸವಣೂರಿಗೆ ಹೋಯಿತು, ನ್ಯಾಯವಾಗಿಯೇ ಹೋಯಿತು. ಲಕ್ಕಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಊಟದ ನಂತರ ಎರಡು ಗಾಡಿಯ ಮಂದಿ ಕಲ್ಯಾಣ ಮಂಟಪದ ಕಟ್ಟೆಯ ಮೇಲೆ ಕುಳಿತಿದ್ದರು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸತ್ತವರ ಮನೆಗೆ ಬಂದವರು ಹೇಳಿಹೋಗುವ ಮಾತು ಬೇರೆ, ಸ್ಪರ್ಧೆಗೆ ಬಂದವರದ್ದು ಬೇರೆ. ಇವರು ಎರಡಕ್ಕೂ ಬಂದವರು.

"ಅತ್ತದ್ದೆಲ್ಲಾ ದಂಡ ಆತಲ್ಲೋ ಅಣ್ಣಾ," ಎಂದಳು ಶಾರವ್ವ. ಅವಳ ದನಿ ಒಡೆದುಹೋಗಿತ್ತು.

"ದಂಡ ಯಾಕ ಆಗ್ತೈತಿ?" ಬೀರಪ್ಪ ಕೋಲು ಊರಿ ಎದ್ದ. "ಚಂದ್ರ್ಯಾಗ ಮಣ್ಣ ಕೊಟ್ಟ ದಿನಾ ಜಿಟಿಜಿಟಿ ಮಳಿ. ನೀ ಬಾಣಂತಿ, ಬರಾಕ ಆಗಲಿಲ್ಲ. ನಾವು ನಾಕ ಮಂದಿ ಇದ್ವಿ, ಅಷ್ಟ. ಒಂದ ಹೂವು ಸಿಗಲಿಲ್ಲ ನಂಗ. ಬೇವಿನ ಸೊಪ್ಪು ಮುರದು ಹಾಕಿ ಬಂದೆ. ಇವತ್ತ ಇಷ್ಟ ಮಂದಿ ಅದೀರಿ. ಇಷ್ಟ ಹೂವೈತಿ. ನಡೀರಿ, ಆಡೂರಿಗೆ ಹೋಗೂಣು."

"ಜಾಗಾ ಗೊತ್ತೈತೇನ್ರೀ?" ಲಕ್ಕಪ್ಪ ಕೇಳಿದ. "ಅವ್ವಗ ಗೊತ್ತಿದ್ದಿಲ್ಲ."

"ಹೆಣ್ಮಕ್ಕಳನ್ನ ಕರಕೊಂಡ ಹೋಗಿದ್ದಿಲ್ಲ. ನಂಗ ಗೊತ್ತೈತಿ."

ಏಳು ಮೆಟ್ಟಿಲಿನ ಹೂವನ್ನು ಬಿಡಿಸಿ ಬುಟ್ಟಿಗಳಿಗೆ ತುಂಬಿದರು. ನಸೀರಾ ಗೋಡೆಯ ಕುಂಡಗಳಿಂದ ಗುಲಾಬಿ ತೆಗೆದು ಸೆರಗಿನಲ್ಲಿ ತಂದು, "ಇದನ್ನೂ ಒಯ್ಯಿರಿ ಭಾಯಿ. ಅಪ್ಪಾಗ ಇರ್ಲಿ," ಎಂದು ಗಾಡಿಯೊಳಗೆ ಸುರಿದಳು.

ಆಡೂರಿಗೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹೊಲ ಈಗ ಬೇರೆಯವರದು. ತೆನೆ ಮುರಿದ ಗೋವಿನಜೋಳದ ದಂಟು ಒಣಗಿ ನಿಂತಿತ್ತು. ದನಕ್ಕೆ ಮೇವು ಕೊಯ್ಯುತ್ತಿದ್ದ ಹೊಲದವನಿಗೆ ಬೀರಪ್ಪ ವಿಷಯ ಹೇಳಿದ. ಅವನು ಕುಡಗೋಲು ಕೆಳಗಿಟ್ಟು ದಾರಿ ಬಿಟ್ಟ.

ಹಾಳು ಬಾವಿಯ ಮೂಲೆಗಲ್ಲಿನ ಹತ್ತಿರ ಬೀರಪ್ಪ ನಿಂತ. "ಇಲ್ಲಿಂದ ಮೂಡಲ ದಿಕ್ಕಿಗೆ ಇಪ್ಪತ್ತೆರಡು ಹೆಜ್ಜಿ. ಮರೀಬಾರದು ಅಂತ ಅವತ್ತ ಎಣಿಸಿ ಇಟ್ಟೀನಿ." ಎಂದವನು ಹೆಜ್ಜೆ ಹಾಕಲು ಹೋಗಿ ನಿಂತುಬಿಟ್ಟ. ತನ್ನ ಕಾಲು ನೋಡಿಕೊಂಡ. "ಅವು ಹರೇದ ಹೆಜ್ಜಿ. ಈಗಿನ ನನ್ನ ಹೆಜ್ಜಿ ಅಲ್ಲೀಮಟಾ ಹೋಗಾಂಗಿಲ್ಲ. ಲಕ್ಕಾ, ನೀ ಹಾಕು."

ಲಕ್ಕಪ್ಪ ಚಪ್ಪಲಿ ಬಿಟ್ಟು ಎಣಿಸುತ್ತ ನಡೆದ. ಇಪ್ಪತ್ತೆರಡಕ್ಕೆ ನಿಂತ. ಅಲ್ಲಿ ಕಲ್ಲಿರಲಿಲ್ಲ, ಗುರುತಿರಲಿಲ್ಲ. ಎರಡು ಸಾಲು ದಂಟಿನ ನಡುವೆ ಕರಿಮಣ್ಣು ಇತ್ತು. ಅವನು ಹಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಇಪ್ಪತ್ತೈದು ವರ್ಷ ಹಾರ ಕಟ್ಟಿದವನಿಗೆ, ಕೊರಳೂ ಇಲ್ಲದ ಚೌಕಟ್ಟೂ ಇಲ್ಲದ ನೆಲಕ್ಕೆ ಅದನ್ನು ಹೇಗೆ ಹಾಕಬೇಕೆಂದು ತಿಳಿಯಲಿಲ್ಲ. ಶಾರವ್ವ ಬಂದು ಅವನ ಮೊಣಕೈ ಹಿಡಿದು ಕೂರಿಸಿದಳು. ಅವಳಿಗೀಗ ಅಳಲು ದನಿ ಉಳಿದಿರಲಿಲ್ಲ. ಹೂವನ್ನಷ್ಟೇ ಬುಟ್ಟಿಯಿಂದ ಮೊಗೆದು ಮೊಗೆದು ಕೊಟ್ಟಳು.

ಎರಡು ಕ್ವಿಂಟಾಲ್ ಹೂವು ಮುಗಿಯಲು ಬಹಳ ಹೊತ್ತು ಬೇಕಾಯಿತು. ಬಂದವರೆಲ್ಲ ಒಂದೊಂದು ಬೊಗಸೆ ಹಾಕಿದರು. ಹೊಲದವನೂ ಹಾಕಿದ. ಕೊನೆಗೆ ಬೀರಪ್ಪ ಸುಭಾಸನ ಹೆಗಲು ಹಿಡಿದು ಕೆಳಗೆ ಕುಳಿತು, ಹೂವಿನ ರಾಶಿಯ ಮೇಲೆ ಅಂಗೈ ಇಟ್ಟ.

"ಚಂದ್ರ್ಯಾ," ಎಂದ. "ತಡಾ ಆತು."